ಒಂದೇ ಹೆಸರಿನ ಇಬ್ಬರು ಹೆಂಗಸರು, ಎರಡು ಯಶಸ್ವಿನಿ ಕಾರ್ಡು

ಹೋದ ತಿಂಗಳು ಆಫೀಸಿನಲ್ಲಿ ಒಂದು ರೂಲ್ ಬರೆದೆ. ಆಸ್ಪತ್ರೆಗಳು ಕಳಿಸುವ ಕ್ಲೇಮುಗಳನ್ನು ಪರಿಶೀಲಿಸುವ ಸಾಫ್ಟ್‌ವೇರು ನಮ್ಮದು. ಒಂದೇ ಊರು, ಒಂದೇ ಹೆಸರು, ವಯಸ್ಸು ಮಾತ್ರ ಬೇರೆ ಬೇರೆ ಬಂದರೆ ಆ ಕ್ಲೇಮಿಗೆ ಕೆಂಪು ಗುರುತು ಹಾಕು ಅಂತ ನಾಲ್ಕೇ ಸಾಲು ಕೋಡು. ಟೆಸ್ಟ್ ಪಾಸಾಯ್ತು, ಟೀ ಕುಡಿಯಲು ಹೋದೆ. ಅಲ್ಲಿ ಇದ್ದಕ್ಕಿದ್ದಂತೆ ದೊಡ್ಡಪ್ಪ ನೆನಪಾದರು. ಈ ರೂಲು ಅವರ ಕಾಲದಲ್ಲಿ ಇದ್ದಿದ್ದರೆ ಮೊದಲು ಸಿಕ್ಕಿಬೀಳುತ್ತಿದ್ದವರು ಅವರೇ!

ಚಿಂತಾಮಣಿ ತಾಲ್ಲೂಕಿನ ನಮ್ಮೂರಿನಲ್ಲಿ ದೊಡ್ಡಪ್ಪ ಡೇರಿ ಸೆಕ್ರೆಟರಿ ಆಗಿದ್ದರು. ನಮ್ಮ ಕಡೆ ಹಾಲಿನ ಡೇರಿ ಅಂದರೆ ಬರೀ ಹಾಲು ಅಳೆಯುವ ಜಾಗ ಅಲ್ಲ. ಯಶಸ್ವಿನಿ ಯೋಜನೆ ಊರೊಳಗೆ ಬಂದಿದ್ದೂ ಅದೇ ಬಾಗಿಲಿನಿಂದ. ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅದನ್ನು ಉದ್ಘಾಟಿಸಿದ್ದು 2002ರ ನವೆಂಬರ್ 14ರಂದು, ಚಿಕಿತ್ಸೆ ಶುರುವಾಗಿದ್ದು 2003ರ ಜೂನ್ 1ರಿಂದ. ಅದರ ಹಿಂದೆ ಡಾ. ದೇವಿ ಶೆಟ್ಟಿಯವರ ಲೆಕ್ಕಾಚಾರ ಇತ್ತು. ತಿಂಗಳಿಗೆ ಐದೇ ರೂಪಾಯಿ, ವರ್ಷಕ್ಕೆ 60. ಸಹಕಾರ ಸಂಘದ ಸದಸ್ಯ ಆಗಿದ್ದರೆ ಸಾಕು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು.

ನನ್ನಂಥ ಎಂಜಿನಿಯರನಿಗೆ ಈ ಯೋಜನೆಯ ವಿನ್ಯಾಸ ಈಗಲೂ ಇಷ್ಟವಾಗುತ್ತೆ. ಮುಖ್ಯವಾಗಿ ಆಪರೇಷನ್‌ಗಳಿಗೆ ಮಾತ್ರ ದುಡ್ಡು, ಜ್ವರ ಕೆಮ್ಮಿಗೆ ಇಲ್ಲ. ಯಾಕೆಂದರೆ ಜ್ವರ ಬಂತು ಅಂತ ಸುಳ್ಳು ಬಿಲ್ ಬರೆಯುವುದು ಸುಲಭ, ಹೊಟ್ಟೆ ಕೊಯ್ದ ಗಾಯವನ್ನು ಸುಳ್ಳಾಗಿ ತೋರಿಸುವುದು ಕಷ್ಟ. ಪ್ರತಿ ಆಪರೇಷನ್ನಿಗೂ ಮೊದಲೇ ಗೊತ್ತುಮಾಡಿದ ದರ, ಮಾಡುವ ಮೊದಲು ಒಪ್ಪಿಗೆ. ಆದರೂ ಒಂದು ಕಡೆ ಬಿರುಕು ಇದ್ದೇ ಇತ್ತು. ಕಾರ್ಡು ಹಿಡಿದು ಬಂದವರು ಕಾರ್ಡಿನಲ್ಲಿರುವವರೇನಾ?

ನಮ್ಮೂರಿನಲ್ಲಿ ಆಗಿದ್ದೂ ಅದೇ. ಒಂದೇ ಹೆಸರಿನ ಇಬ್ಬರು ಹೆಂಗಸರು, ಇಬ್ಬರದೂ ಡೇರಿಗೆ ಹಾಲು ಹಾಕುವ ಮನೆ, ಇಬ್ಬರೂ ದುಡ್ಡು ಕಟ್ಟಿದ್ದರು. ಕಾರ್ಡಿಗೆ ಫೋಟೋ ಅಂಟಿಸುವಾಗ ಇವರದು ಅವರಿಗೆ, ಅವರದು ಇವರಿಗೆ. ಅಂಟಿಸಿದ್ದು ಡೇರಿಯಲ್ಲಿ ಸಹಾಯಕ್ಕಿದ್ದ ಹುಡುಗ, ಸಹಿ ದೊಡ್ಡಪ್ಪನದು. ಅವರಲ್ಲೊಬ್ಬರಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಕೆಲವು ತಿಂಗಳ ನಂತರ ಒಂದು ಮೂಗರ್ಜಿ ಹೋಯಿತು. ಸೆಕ್ರೆಟರಿ ಲಂಚ ತಿಂದು ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರಿಗೆ ಆಪರೇಷನ್ ಮಾಡಿಸಿದ್ದಾರೆ ಅಂತ. ಆಪರೇಷನ್ ಮಾಡಿದ ಡಾಕ್ಟರಿಗೂ ನೋಟೀಸು, ದೊಡ್ಡಪ್ಪನಿಗೂ ನೋಟೀಸು. ಕೋಲಾರದಿಂದ ಬೇರೆಯಾಗಿ (2007) ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲೆ ಆಗಿತ್ತು. ಶಿಡ್ಲಘಟ್ಟದ ಮೇಲೆ ಹೋಗುವ ಬಸ್ಸಿನಲ್ಲಿ, ರೇಷ್ಮೆಗೂಡಿನ ಮೂಟೆಗಳ ಪಕ್ಕ ಕೂತು ದೊಡ್ಡಪ್ಪ ಮೂರು ಸಲ ವಿಚಾರಣೆಗೆ ಹೋಗಿಬಂದರು. ನನಗಾಗ ಹತ್ತು ವರ್ಷ ಇರಬೇಕು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ ಅನ್ನುವುದಷ್ಟೇ ನೆನಪು.

ಆಗ ಊರಿನ 'ತಿಳಿದವರು' ಒಬ್ಬರು ಒಂದು ಸಲಹೆ ಕೊಟ್ಟರಂತೆ. "ರಿಜಿಸ್ಟರ್ ಹೊಸದಾಗಿ ಬರೆದುಬಿಡಿ ಸ್ವಾಮೀ, ಯಾರಿಗೆ ಗೊತ್ತಾಗುತ್ತೆ?" ದೊಡ್ಡಪ್ಪ ಒಪ್ಪಲಿಲ್ಲ. ಒಪ್ಪಿದ್ದರೆ ಏನಾಗುತ್ತಿತ್ತು ಅನ್ನುವುದು ನನಗೆ ಅರ್ಥವಾಗಿದ್ದು ಮೊನ್ನೆ ಮೊನ್ನೆ ಕಾನೂನು ಓದಿದಾಗ.

ನಮ್ಮಲ್ಲಿ ಇಂಥ ಆರೋಪಗಳಿಗೆಲ್ಲ ಬುಡ 1860ರ ದಂಡಸಂಹಿತೆ. 415ನೇ ಕಲಮು ವಂಚನೆ ಅಂದರೇನು ಅಂತ ಹೇಳುತ್ತೆ. 420 ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಕೊಡುತ್ತಿತ್ತು (ಸಿನಿಮಾಗಳಿಂದಾಗಿ ಈ ನಂಬರು ಎಲ್ಲರಿಗೂ ಬಾಯಿಪಾಠ :)). 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 318 ಬಂದಿದೆ. ನಂಬರ್ ಬದಲಾದರೂ ತಿರುಳು ಅದೇ. ತಪ್ಪು ಆಗಿದೆ ಅನ್ನುವುದು ಸಾಲದು, ಮೋಸದ ಉದ್ದೇಶ ಇರಬೇಕು. ಆ ಉದ್ದೇಶ ಮೊದಲಿನಿಂದಲೇ ಇತ್ತು ಅಂತ ತೋರಿಸಬೇಕು ಎಂದು ಸುಪ್ರೀಂ ಕೋರ್ಟು 2000ದಲ್ಲಿ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಅಮೆರಿಕದಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಕೆಟ್ಟ ಮಾಲು ಮಾರಿದವರನ್ನು ಹಿಡಿಯಲು 1863ರಲ್ಲಿ ಮಾಡಿದ ಸುಳ್ಳು ಕ್ಲೇಮು ಕಾಯ್ದೆಯನ್ನೇ ಇವತ್ತು ಆಸ್ಪತ್ರೆಗಳ ಮೇಲೂ ಹಾಕುತ್ತಾರೆ. 1996ರಲ್ಲಿ ಆರೋಗ್ಯ ವಂಚನೆಗೆ ಅಂತಲೇ ಬೇರೆ ಅಪರಾಧ ಸೇರಿಸಿದಾಗ 'ತಿಳಿದೂ ಬೇಕೆಂದೇ' ಮಾಡಿರಬೇಕು ಅಂತ ಬರೆದರು.

ಹಾಗಾಗಿ ಫೋಟೋ ಅದಲು ಬದಲಾಗಿದ್ದು ವಂಚನೆ ಅಲ್ಲ. ಆದರೆ ಅದನ್ನು ಮುಚ್ಚಲು ರಿಜಿಸ್ಟರ್ ತಿದ್ದಿ ಬರೆದಿದ್ದರೆ? ಅದು ಫೋರ್ಜರಿ, ಅದಕ್ಕೆ ಬೇರೆಯೇ ಕಲಮುಗಳು. ನಿರಪರಾಧಿ ಒಂದೇ ರಾತ್ರಿಯಲ್ಲಿ ಅಪರಾಧಿ ಆಗುತ್ತಿದ್ದ. ದೊಡ್ಡಪ್ಪ ತೆಗೆದುಕೊಂಡು ಹೋಗಿದ್ದು ಹಳೇ ರಸೀದಿ ಪುಸ್ತಕ. ಕಾರ್ಬನ್ ಪ್ರತಿಯಲ್ಲಿ ಇಬ್ಬರ ಹೆಬ್ಬೆಟ್ಟು, ಗಂಡಂದಿರ ಹೆಸರು, ಹಾಲು ಹಾಕುವ ಸದಸ್ಯರ ನಂಬರು ಎಲ್ಲ ಇತ್ತು. ಡಾಕ್ಟರನ್ನೂ ಉಳಿಸಿದ್ದು ಕಾಗದವೇ, ಅವರ ಕೇಸ್ ಶೀಟು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಮೆಡಿಕಲ್ ಕೌನ್ಸಿಲಿನ 2002ರ ನಿಯಮ ಹೇಳುತ್ತೆ. ಇದನ್ನು ರೋಗಿಗಳ ಹಕ್ಕು ಅಂತಷ್ಟೇ ಓದುತ್ತೇವೆ, ಡಾಕ್ಟರಿಗೂ ಅದೇ ಗುರಾಣಿ.

ಹಾಗಂತ ಮೋಸವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕಲಬುರಗಿಯಲ್ಲಿ ಬಡ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದ ದೂರುಗಳ ಬಗ್ಗೆ 2015ರಲ್ಲಿ ತನಿಖೆ ಆಯಿತು. 2017ರಲ್ಲಿ ಆ ಹೆಂಗಸರೇ ಬೀದಿಗಿಳಿದರು. ಅಲ್ಲಿ ಆಪರೇಷನ್ ನಿಜ, ಗಾಯ ನಿಜ, ಬೇಕಿತ್ತಾ ಅನ್ನುವುದೇ ಪ್ರಶ್ನೆ. 'ಆಪರೇಷನ್‌ಗೆ ಮಾತ್ರ ದುಡ್ಡು' ಅನ್ನುವ ನಾನು ಮೆಚ್ಚಿದ ವಿನ್ಯಾಸ ಇಂಥದ್ದರ ಮುಂದೆ ನಿಲ್ಲುವುದಿಲ್ಲ. ಪ್ರಶ್ನೆ ಕೇಳುವುದನ್ನೇ ಬದುಕು ಮಾಡಿಕೊಂಡಿದ್ದ ಎಚ್. ನರಸಿಂಹಯ್ಯನವರು ನಮ್ಮ ಪಕ್ಕದ ಗೌರಿಬಿದನೂರಿನ ಹೊಸೂರಿನವರು. ಅವರಿದ್ದಿದ್ದರೆ ಪವಾಡಗಳ ಜೊತೆಗೆ ಆಸ್ಪತ್ರೆ ಬಿಲ್ಲುಗಳನ್ನೂ ಕೂರಿಸಿಕೊಂಡು ಕೇಳುತ್ತಿದ್ದರೇನೋ.

ಯಶಸ್ವಿನಿ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿ, 2023ರ ಜನವರಿಯಿಂದ ಮತ್ತೆ ಬಂದಿದೆ. ಈ ನಡುವೆ ಎಲ್ಲ ಕಂಪ್ಯೂಟರಿಗೆ ಹೋಗಿದೆ. 2023ರಲ್ಲಿ ಆಯುಷ್ಮಾನ್ ಭಾರತದ ಬಗ್ಗೆ ಬಂದ ಸಿಎಜಿ ವರದಿ ಓದಿ ನಾನು ಬೆಚ್ಚಿದ್ದೆ. ಒಂದೇ ಮೊಬೈಲ್ ನಂಬರಿಗೆ, 9999999999ಕ್ಕೆ, 7,49,820 ಫಲಾನುಭವಿಗಳು! ಪೇಪರುಗಳಲ್ಲಿ ದೊಡ್ಡ ಹಗರಣ ಅಂತ ಬಂತು. ಫಲಾನುಭವಿ ಹೌದೋ ಅಲ್ಲವೋ ಅನ್ನುವುದಕ್ಕೆ ಮೊಬೈಲ್ ನಂಬರ್ ಬೇಕೇ ಇಲ್ಲ ಅಂತ ಸರ್ಕಾರ ಉತ್ತರ ಕೊಟ್ಟಿತು. ಡೇಟಾ ಎಂಟ್ರಿ ನೋಡಿದವರಿಗೆ ಗೊತ್ತು, ನಂಬರ್ ಇಲ್ಲದಿದ್ದರೆ ಪರದೆ ಮುಂದೆ ಹೋಗಲ್ಲ ಅಂದಾಗ ಬೆರಳು ಎಲ್ಲಿಗೆ ಹೋಗುತ್ತೆ ಅಂತ. ಆದರೆ ಅದೇ ವರದಿಯಲ್ಲಿ, ಸತ್ತಿದ್ದಾರೆ ಅಂತ ದಾಖಲಾದವರ ಹೆಸರಿನಲ್ಲಿ ಮುಂದೆಯೂ ಕ್ಲೇಮು ಪಾವತಿಯಾದ ಲೆಕ್ಕವೂ ಇದೆ. ಅದನ್ನು ಹಾಗೆ ನಕ್ಕು ಬಿಡೋಕಾಗಲ್ಲ. ಎರಡಕ್ಕೂ ನನ್ನಂಥವರು ಹಾಕುವುದು ಮಾತ್ರ ಒಂದೇ ಬಣ್ಣ.

ಭಾನುವಾರ ಊರಿಗೆ ಹೋಗಿ ದೊಡ್ಡಪ್ಪನಿಗೆ ನನ್ನ ರೂಲಿನ ವಿಷಯ ಹೇಳಿದೆ. ಆರೋಪ ಬಿದ್ದುಹೋದ ಮೇಲೂ ಅವರು ಸೆಕ್ರೆಟರಿ ಕೆಲಸಕ್ಕೆ ವಾಪಸ್ಸು ಹೋಗಲಿಲ್ಲ. ಇವತ್ತಿಗೂ ಊರಲ್ಲಿ ಜಗಳ ಬಂದಾಗ ಯಾರಾದರೂ ಆ ಮಾತು ಎತ್ತುತ್ತಾರೆ. ರಸೀದಿ ಪುಸ್ತಕ ಟ್ರಂಕಿನಲ್ಲಿ ಇನ್ನೂ ಇದೆ, ದೊಡ್ಡಮ್ಮ ಎಸೆಯೋಕೆ ಬಿಟ್ಟಿಲ್ಲ. ಅವರು ಕೇಳಿದ್ದು ಒಂದೇ. "ಗುರುತು ಹಾಕೋಕೆ ಮುಂಚೆ ಅವರನ್ನ ಒಂದು ಮಾತು ಕೇಳ್ತೀರೇನೋ?"

ಇಲ್ಲ, ಕೇಳಲ್ಲ. ಸೋಮವಾರ ಆಫೀಸಿಗೆ ಬಂದು, ಗುರುತು ಬಿದ್ದ ಕ್ಲೇಮನ್ನು 'ವಂಚನೆ' ಅನ್ನದೆ 'ವಿವರಣೆ ಕೇಳಿ' ಅನ್ನಬೇಕು, ಗಂಡನ ಅಥವಾ ತಂದೆಯ ಹೆಸರನ್ನೂ ಹೋಲಿಸಬೇಕು ಅಂತ ಒಂದು ಟಿಕೆಟ್ ಹಾಕಿದ್ದೇನೆ. ಇನ್ನೂ ಓಪನ್ ಇದೆ. ನಿಮ್ಮಲ್ಲಿ ಯಾರಾದರೂ ಕ್ಲೇಮಿನ ಕೆಲಸ ಮಾಡುವವರಿದ್ದರೆ ನಿಮ್ಮ ಕಡೆ ಹೇಗೆ ಮಾಡುತ್ತೀರಿ ಅಂತ ದಯವಿಟ್ಟು ತಿಳಿಸಿ.