ನಂಬಿಕೆಯಿಂದಲೇ: ಒಂದು ಅವಧಾರಣೆಯ ಇತಿಹಾಸ

ಕನ್ನಡ ವ್ಯಾಕರಣದಲ್ಲಿ ‘ಏ’ ಎಂಬ ಚಿಕ್ಕ ಅವ್ಯಯವೊಂದುಂಟು. ಅವಧಾರಣೆ ಅದರ ಅರ್ಥ. ‘ರಾಮನು ಬಂದನು’ ಎಂದರೆ ಒಬ್ಬನು ಬಂದ ಸುದ್ದಿ. ‘ರಾಮನೇ ಬಂದನು’ ಎಂದರೆ ಬಂದವನು ಮತ್ತಾರೂ ಅಲ್ಲವೆಂಬ ನಿಶ್ಚಯ. ಇಷ್ಟು ಸಣ್ಣ ಅಕ್ಷರಕ್ಕಾಗಿ ಒಂದು ಖಂಡದ ಜನ ಇಬ್ಭಾಗವಾದರೆಂದರೆ ಒಪ್ಪುವುದು ಕಷ್ಟ. ಆದರೂ ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಕ್ರೈಸ್ತಸಮಾಜ ಒಡೆದಾಗ, ರಾಜಕೀಯ ಕಾರಣಗಳ ಜೊತೆಗೆ, ನಡುವೆ ನಿಂತಿದ್ದ ಪ್ರಶ್ನೆ ಇದು: ಮನುಷ್ಯನ ಉದ್ಧಾರ ‘ನಂಬಿಕೆಯಿಂದ’ ಎನ್ನಬೇಕೋ, ‘ನಂಬಿಕೆಯಿಂದಲೇ’ ಎನ್ನಬೇಕೋ?

ಪ್ರಶ್ನೆಯ ಬೇರು ಪಾಪದ ಕಲ್ಪನೆಯಲ್ಲಿದೆ. ನಾವು ಸಾಮಾನ್ಯವಾಗಿ ಪಾಪ ಪುಣ್ಯಗಳನ್ನು ಲೆಕ್ಕದ ಪುಸ್ತಕದ ಎರಡು ಪುಟಗಳಂತೆ ಭಾವಿಸುತ್ತೇವೆ. ಒಂದು ಕಡೆ ಹೆಚ್ಚಿದರೆ ಇನ್ನೊಂದು ಕಡೆ ತುಂಬಿಸಬಹುದು. ಕ್ರೈಸ್ತ ಶಾಸ್ತ್ರಕಾರರ ದೃಷ್ಟಿಯಲ್ಲಿ ಪಾಪವೆಂದರೆ ಬರಿಯ ಕೆಟ್ಟ ಕೆಲಸವಲ್ಲ. ದೇವರಿಂದ ಮುಖ ತಿರುಗಿಸಿದ ಮನಸ್ಸಿನ ಸ್ಥಿತಿ. ಮನಸ್ಸೇ ವಕ್ರವಾಗಿರುವಾಗ ಅದರಿಂದ ಹುಟ್ಟಿದ ಪುಣ್ಯಕಾರ್ಯ ಅದನ್ನು ನೇರ್ಪಡಿಸುವುದೆಂತು? ಮೊದಲನೆಯ ಶತಮಾನದಲ್ಲಿ ಸಂತ ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ, ಧರ್ಮಶಾಸ್ತ್ರದ ನೇಮಗಳನ್ನು ಆಚರಿಸಿದ ಮಾತ್ರಕ್ಕೆ ಯಾರೂ ದೇವರ ಎದುರಿಗೆ ನೀತಿವಂತರೆನಿಸರು, ಕ್ರಿಸ್ತನಲ್ಲಿಟ್ಟ ನಂಬಿಕೆಯಿಂದ ಹಾಗೆ ಎನಿಸುವರು ಎಂದು ವಾದಿಸಿದನು. ಅದೇ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರವಾದರೋ, ಕ್ರಿಯೆಯಿಲ್ಲದ ನಂಬಿಕೆ ನಿರ್ಜೀವವೆನ್ನುತ್ತದೆ. ಎರಡೂ ಒಂದೇ ಗ್ರಂಥದೊಳಗಿನ ಮಾತು. ಮುಂದಿನ ವಾದಗಳಿಗೆಲ್ಲ ಇಲ್ಲಿ ಬೀಜವುಂಟು.

ಮೊದಲ ದೊಡ್ಡ ವಾದ ಐದನೆಯ ಶತಮಾನದಲ್ಲಿ ನಡೆಯಿತು. ಉತ್ತರ ಆಫ್ರಿಕದ ಹಿಪ್ಪೋ ನಗರದ ಧರ್ಮಾಧ್ಯಕ್ಷನಾಗಿದ್ದ ಅಗಸ್ಟೀನನು (354–430) ತನ್ನ ಆತ್ಮನಿವೇದನೆಯಲ್ಲಿ ಹುಡುಗತನದ ಒಂದು ಕಳ್ಳತನವನ್ನು ಬಹು ದೀರ್ಘವಾಗಿ ವಿಚಾರಿಸಿದ್ದಾನೆ. ಕದ್ದದ್ದು ನೆರೆಯ ತೋಟದ ಮರದ ಪೇರ್ ಹಣ್ಣು. ಹಸಿವೆಯಿರಲಿಲ್ಲ, ಹಣ್ಣೂ ಅಷ್ಟೇನು ರುಚಿಯಾದುದಲ್ಲ, ತಪ್ಪು ಮಾಡುವುದೇ ಸೊಗಸಾಗಿ ಕಂಡಿತು. ಇಂಥ ಮನಸ್ಸು ತನ್ನ ಬಲದಿಂದ ತಾನೇ ಏಳಲಾರದು, ದೇವರ ಕೃಪೆ ಮೊದಲು ಎತ್ತಬೇಕು ಎಂಬುದು ಅವನ ಸಿದ್ಧಾಂತ. ಬ್ರಿಟನ್ನಿನಿಂದ ರೋಮಿಗೆ ಬಂದಿದ್ದ ಪೆಲೇಜಿಯಸ್ ಎಂಬ ವಿರಕ್ತನಿಗೆ ಇದು ಹಿಡಿಸಲಿಲ್ಲ. ಎಲ್ಲವೂ ಕೃಪೆಯೆಂದರೆ ಜನ ಸೋಮಾರಿಗಳಾಗುವರು. ದೇವರು ಆಜ್ಞೆ ಕೊಟ್ಟನೆಂದ ಮೇಲೆ ಅದನ್ನು ನಡೆಸುವ ಶಕ್ತಿಯೂ ಮನುಷ್ಯನಿಗಿರಲೇಬೇಕು ಎಂದು ಅವನ ವಾದ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಧರ್ಮಸಭೆ ಪೆಲೇಜಿಯಸನ ಮತವನ್ನು ತಳ್ಳಿಹಾಕಿತು.

ನಮ್ಮ ಶ್ರೀವೈಷ್ಣವರಲ್ಲಿ ಮರ್ಕಟನ್ಯಾಯ, ಮಾರ್ಜಾಲನ್ಯಾಯ ಎಂಬ ಎರಡು ದೃಷ್ಟಾಂತಗಳಿರುವುದನ್ನು ಓದುಗರು ಬಲ್ಲರು. ಕೋತಿಯ ಮರಿ ತಾಯನ್ನು ತಾನು ಅವಚಿಕೊಳ್ಳಬೇಕು; ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಎರಡು ಧರ್ಮಗಳ ತತ್ತ್ವ ಒಂದೇ ಎಂದು ಇದರಿಂದ ಹೇಳುವಂತಿಲ್ಲ. ಆದರೆ ಪ್ರಶ್ನೆ ಯಾವ ಜಾತಿಯದೆಂದು ತಿಳಿಯಲು ಈ ದೃಷ್ಟಾಂತ ಸಾಕು.

ಸಾವಿರ ವರ್ಷಗಳ ಮೇಲೆ ಈ ಪ್ರಶ್ನೆಗೆ ಹಣದ ನಂಟು ಬಂತು. ಪಾಪಕ್ಕೆ ಕ್ಷಮೆ ದೊರೆತ ಮೇಲೂ ಅನುಭವಿಸಬೇಕಾದ ಶಿಕ್ಷೆ ಉಳಿಯುವುದೆಂದೂ, ಅದನ್ನು ಇಳಿಸುವ ಅಧಿಕಾರ ಧರ್ಮಸಭೆಗೆ ಉಂಟೆಂದೂ ರೋಮಿನ ಬೋಧೆ. ಶಾಲೆಯ ಚರಿತ್ರೆಯ ಪುಸ್ತಕಗಳಲ್ಲಿ ನಾವು ಪಾಪವಿಮೋಚನಾ ಪತ್ರಗಳೆಂದು ಓದುವುದು ಇದರ ಸಲುವಾಗಿ ಕೊಡುತ್ತಿದ್ದ ಪತ್ರಗಳನ್ನೇ. ಹತ್ತನೆಯ ಲಿಯೋ ಪೋಪರ ಕಾಲದಲ್ಲಿ ಜರ್ಮನಿಯಲ್ಲಿ ಸಂಗ್ರಹವಾದ ಈ ಹಣದ ಅರ್ಧ ರೋಮಿನ ಸಂತ ಪೀಟರರ ದೇವಾಲಯದ ಕಟ್ಟಡಕ್ಕೆ ಹೋಗಬೇಕಾಗಿತ್ತು. ಇನ್ನರ್ಧ ಮೈನ್ಜಿನ ಮಹಾಧರ್ಮಾಧ್ಯಕ್ಷ ಆಲ್ಬರ್ಟನು ತನ್ನ ಪದವಿಗಾಗಿ ಫುಗ್ಗರ್ ಎಂಬ ಲೇವಾದೇವಿಯ ಮನೆತನದಲ್ಲಿ ಮಾಡಿದ್ದ ಸಾಲಕ್ಕೆ. ಸತ್ತ ತಂದೆತಾಯಿಗಳ ಆತ್ಮ ನರಳುತ್ತಿದೆಯೆಂದು ಕೇಳಿದ ಬಡವರು ಗಂಟು ಬಿಚ್ಚಿ ಕಾಸು ಕೊಟ್ಟರು.

ಇದನ್ನು ಪ್ರತಿಭಟಿಸಿದವನು ವಿಟೆನ್‌ಬರ್ಗಿನ ವಿಶ್ವವಿದ್ಯಾನಿಲಯದಲ್ಲಿ ಬೈಬಲ್ ಪಾಠ ಹೇಳುತ್ತಿದ್ದ ಮಾರ್ಟಿನ್ ಲೂಥರ್ (1483–1546). 1505ರಲ್ಲಿ ಸಿಡಿಲಿಗೆ ಹೆದರಿ ಹರಕೆ ಹೊತ್ತು ಸಂನ್ಯಾಸಿಯಾದವನು ಈತ. ಉಪವಾಸ, ಜಾಗರಣೆ, ಗಂಟೆಗಟ್ಟಲೆ ಪಾಪನಿವೇದನೆ, ಏನು ಮಾಡಿದರೂ ಇವನಿಗೆ ಸಮಾಧಾನವಿಲ್ಲ. ಇಷ್ಟು ಸಾಕೆಂದು ಹೇಳುವವರು ಯಾರು? ಕೊನೆಗೆ ಪೌಲನ ಪತ್ರವನ್ನು ಓದುತ್ತ ಓದುತ್ತ, ಅಲ್ಲಿ ಹೇಳಿದ ದೇವರ ನೀತಿ ಶಿಕ್ಷಿಸುವ ನೀತಿಯಲ್ಲ, ನಂಬಿದವನಿಗೆ ದಾನವಾಗಿ ಬರುವ ನೀತಿ ಎಂದು ಅವನಿಗೆ ಹೊಳೆಯಿತು. 1517ರ ಅಕ್ಟೋಬರ್ 31ರಂದು ಅವನು ಆಲ್ಬರ್ಟನಿಗೆ ಕಳುಹಿಸಿದ 95 ವಾಕ್ಯಗಳಲ್ಲಿ ಈ ತತ್ತ್ವದ ವಿವರಣೆಯಿಲ್ಲ. ಅವು ಪತ್ರವ್ಯಾಪಾರದ ವಿಮರ್ಶೆ. ಮುದ್ರಣಯಂತ್ರ ಅವನ್ನು ನಾಡಿನಲ್ಲೆಲ್ಲ ಹರಡಿತು. 1521ರಲ್ಲಿ ಪೋಪರು ಅವನನ್ನು ಬಹಿಷ್ಕರಿಸಿದರು. ಅದೇ ವರ್ಷ ವರ್ಮ್ಸ್ ನಗರದ ಸಭೆಯಲ್ಲಿ, ಚಕ್ರವರ್ತಿಯ ಸಮ್ಮುಖದಲ್ಲಿ, ಬರೆದುದನ್ನು ಹಿಂದೆಗೆಯಲು ಅವನು ಒಪ್ಪಲಿಲ್ಲ.

ಆ ಬಳಿಕ ವಾರ್ಟ್‌ಬರ್ಗ್ ಕೋಟೆಯಲ್ಲಿ ತಲೆಮರೆಸಿಕೊಂಡಿದ್ದಾಗ ಅವನು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದನು. ಅದು 1522ರ ಸೆಪ್ಟೆಂಬರಿನಲ್ಲಿ ಅಚ್ಚಾಯಿತು. ರೋಮಿನವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ‘ನಂಬಿಕೆಯಿಂದ’ ಎಂದಿರುವಲ್ಲಿ ಲೂಥರನು ‘ಮಾತ್ರ’ ಎಂಬರ್ಥದ ‘ಅಲೈನ್’ ಎಂಬ ಪದವನ್ನು ಸೇರಿಸಿದನು. ಗ್ರೀಕ್ ಮೂಲದಲ್ಲಿ ಆ ಪದವಿಲ್ಲ. ಶಾಸ್ತ್ರಕ್ಕೆ ಕೈ ಹಚ್ಚಿದನೆಂದು ವಿರೋಧಿಗಳು ಕೂಗೆಬ್ಬಿಸಿದರು. 1530ರಲ್ಲಿ ಅವನು ಅನುವಾದವನ್ನು ಕುರಿತ ಬಹಿರಂಗ ಪತ್ರದಲ್ಲಿ ಉತ್ತರ ಕೊಟ್ಟನು. ಮೂಲದಲ್ಲಿ ಪದವಿಲ್ಲವೆಂಬುದು ತನಗೂ ತಿಳಿದಿದೆ. ಆದರೆ ಒಂದನ್ನು ಒಪ್ಪಿ ಇನ್ನೊಂದನ್ನು ಅಲ್ಲಗಳೆಯುವಾಗ ಜರ್ಮನ್ ಜನ ಆ ಪದವಿಲ್ಲದೆ ಮಾತಾಡುವುದಿಲ್ಲ. ಮನೆಯ ತಾಯಿ, ಬೀದಿಯ ಮಕ್ಕಳು, ಸಂತೆಯ ಸಾಮಾನ್ಯನು ಆಡುವ ಮಾತನ್ನು ಕೇಳಿ ಅನುವಾದಿಸಬೇಕು. ಮೇಲಾಗಿ ಪೌಲನ ಅಭಿಪ್ರಾಯವೂ ಅದೇ ಎಂದನು. ವಿಚಿತ್ರವೆಂದರೆ, ಬೈಬಲಿನ ಮೂಲದಲ್ಲಿ ‘ನಂಬಿಕೆ’ಯ ಜೊತೆಗೆ ‘ಮಾತ್ರ’ ಎಂಬ ಪದ ಬರುವುದು ಯಾಕೋಬನ ಪತ್ರದಲ್ಲಿ, ಅದೂ ನಿಷೇಧಾರ್ಥದಲ್ಲಿ!

ಹಾಗಾದರೆ ಸತ್ಕಾರ್ಯ ಬೇಡವೆಂದು ಲೂಥರನ ಮತವೆ? ಅಲ್ಲ. ಹಣ್ಣು ಮರವನ್ನು ಒಳ್ಳೆಯದು ಮಾಡುವುದಿಲ್ಲ, ಒಳ್ಳೆಯ ಮರ ಒಳ್ಳೆಯ ಹಣ್ಣನ್ನು ಬಿಡುತ್ತದೆ ಎಂಬಂತೆ ಅವನ ವಾದ. ರೋಮಿನ ಪಕ್ಷದವರು ಟ್ರೆಂಟ್ ನಗರದಲ್ಲಿ ಧರ್ಮಸಭೆ ಕೂಡಿ, ಲೂಥರನು ತೀರಿಕೊಂಡ ಮರುವರ್ಷ, 1547ರ ಜನವರಿ 13ರಂದು ತಮ್ಮ ನಿರ್ಣಯ ಕೊಟ್ಟರು. ಕೃಪೆಯಿಲ್ಲದೆ ಮನುಷ್ಯನು ಮೊದಲ ಹೆಜ್ಜೆಯನ್ನೂ ಇಡಲಾರನೆಂದು ಅವರೂ ಒಪ್ಪಿದರು. ಆದರೆ ಕೃಪೆಯೊಡನೆ ಮನುಷ್ಯನು ಸಹಕರಿಸಬೇಕು, ನಂಬಿಕೆಗೆ ನಿರೀಕ್ಷೆ ಮತ್ತು ಪ್ರೀತಿ ಕೂಡಿರಬೇಕು, ನಂಬಿಕೆಯೊಂದೇ ಸಾಕೆನ್ನುವವರು ಬಹಿಷ್ಕೃತರು ಎಂದರು. ಹಣಕ್ಕಾಗಿ ಕೊಡುತ್ತಿದ್ದ ಪಾಪವಿಮೋಚನೆಯನ್ನು 1567ರಲ್ಲಿ ಐದನೆಯ ಪಯಸ್ ಪೋಪರು ರದ್ದುಮಾಡಿದರು. ಒಡಕು ಮಾತ್ರ ಹಾಗೆಯೇ ಉಳಿಯಿತು.

ಆ ಒಡಕಿನ ಎರಡು ಕವಲುಗಳೂ ನಮ್ಮ ಕರಾವಳಿಗೆ ಬಂದಿವೆ. ಪೋರ್ಚುಗೀಸರ ಕಾಲದಿಂದ ಕೆಥೋಲಿಕರು ಅಲ್ಲಿದ್ದರು; 1834ರಲ್ಲಿ ಬಾಸೆಲ್ ಮಿಶನಿನ ಪ್ರೊಟೆಸ್ಟಂಟ್ ಪಾದ್ರಿಗಳು ಮಂಗಳೂರಿಗೆ ಬಂದರು. ಯೂರೋಪಿನಲ್ಲಿ ಹುಟ್ಟಿದ ಭೇದದಿಂದ ಒಂದೇ ಊರಿನಲ್ಲಿ ಎರಡು ಬಗೆಯ ದೇವಾಲಯಗಳಾದವು.

482 ವರ್ಷಗಳ ಮೇಲೆ, 1999ರ ಅಕ್ಟೋಬರ್ 31ರಂದು, ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಕೆಥೋಲಿಕ್ ಸಭೆ ಮತ್ತು ಲೂಥರನ್ ಸಭೆಗಳ ಪ್ರತಿನಿಧಿಗಳು ಒಂದು ಜಂಟಿ ಘೋಷಣೆಗೆ ರುಜು ಹಾಕಿದರು. ಮನುಷ್ಯನು ತನ್ನ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ, ಕ್ರಿಸ್ತನಲ್ಲಿಟ್ಟ ನಂಬಿಕೆಯಲ್ಲಿ ದೇವರಿಗೆ ಅಂಗೀಕೃತನಾಗುವನು. ಆ ಕೃಪೆಯೇ ಅವನನ್ನು ಸತ್ಕಾರ್ಯಕ್ಕೆ ಕರೆಯುವುದು ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಘೋಷಣೆಯಲ್ಲಿ ವಿವರಿಸಿರುವ ಬೋಧೆಗೆ ಹದಿನಾರನೆಯ ಶತಮಾನದ ಖಂಡನೆಗಳು ತಗಲುವುದಿಲ್ಲವೆಂದೂ ಒಪ್ಪಿದರು. 2006ರಲ್ಲಿ ಮೆಥೊಡಿಸ್ಟರೂ 2017ರಲ್ಲಿ ಕ್ಯಾಲ್ವಿನನ ಪರಂಪರೆಯ ಸಭೆಗಳ ಒಕ್ಕೂಟವೂ ಇದಕ್ಕೆ ಸೇರಿಕೊಂಡವು.

ಇದು ಸಾಧ್ಯವಾದುದು ಹೇಗೆ? ವಿದ್ವಾಂಸರು ದಶಕಗಳ ಕಾಲ ಎದುರುಬದುರು ಕುಳಿತು, ನೀವು ನಂಬಿಕೆ ಎಂದಾಗ ಏನನ್ನು ಹೇಳುತ್ತೀರಿ ಎಂದು ಒಬ್ಬರನ್ನೊಬ್ಬರು ಕೇಳಿದರು. ಲೂಥರನಿಗೆ ನಂಬಿಕೆಯೆಂದರೆ ಮಗು ತಾಯ ತೋಳಿಗೆ ತನ್ನನ್ನು ಒಪ್ಪಿಸಿಕೊಡುವಂಥ ಭರವಸೆ. ಪ್ರೀತಿ ಅದರಿಂದ ತಾನಾಗಿ ಹರಿಯುವುದು. ಟ್ರೆಂಟಿನವರಿಗೆ ಅದು ಮುಖ್ಯವಾಗಿ ಬೋಧಿಸಿದ ಸತ್ಯವನ್ನು ಬುದ್ಧಿ ಒಪ್ಪುವುದು. ಅಷ್ಟೇ ಸಾಕೆಂದರೆ ಅವರು ಹೇಗೆ ಒಪ್ಪಿಯಾರು? ಜಗಳವಾದದ್ದು ‘ಏ’ಕಾರದ ಮೇಲೆ; ಭೇದವಿದ್ದದ್ದು ಬಹುಮಟ್ಟಿಗೆ ಅದು ಸೇರಿದ್ದ ಪದದ ಅರ್ಥದಲ್ಲಿ. ನಮ್ಮ ‘ನಂಬು’ ಧಾತುವಿನಲ್ಲಿ ನಿಜವೆಂದು ಒಪ್ಪುವುದು, ಭರವಸೆಯಿಡುವುದು, ಎರಡೂ ಅಡಗಿವೆ.

ಎಲ್ಲ ಭೇದಗಳೂ ಅಳಿದಿಲ್ಲ. ಪೋಪರ ಅಧಿಕಾರ, ಪ್ರಭುಭೋಜನದ ಸಹಪಂಕ್ತಿ ಮೊದಲಾದ ವಿಷಯಗಳು ಇತ್ಯರ್ಥವಾಗದೆ ಉಳಿದಿವೆ. ಆದರೆ ಪರಸ್ಪರ ಬಹಿಷ್ಕಾರಕ್ಕೆ ಕಾರಣವಾಗಿದ್ದ ಒಂದು ಮಾತನ್ನು ಇಂದು ಎರಡು ಪಕ್ಷದವರೂ ಒಂದೇ ಹಾಳೆಯಲ್ಲಿ ಬರೆದು ಓದಬಲ್ಲರು.