ಮಳೆ ಮಾಡಿದ ಕೆಲಸ, ಮಷೀನಿಗೆ ಕ್ರೆಡಿಟ್

1/4
ಫ್ರೆಂಡ್ಸ್, ನಮ್ಮ ಹಿರಿಯೂರಿನ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದಿದ್ದು 2022ರಲ್ಲಿ. 89 ವರ್ಷದ ಗ್ಯಾಪ್! ಈಗ ಯೋಚನೆ ಮಾಡಿ: 2021ರಲ್ಲಿ ಯಾರೋ ನಿಮ್ಮ ತೋಟಕ್ಕೆ ಸೆನ್ಸರ್ ಹಾಕಿ, 2022ರಲ್ಲಿ ಬಂದು "ನೋಡಿ, ಬೋರ್‌ನಲ್ಲಿ ನೀರು ಜಾಸ್ತಿ ಆಗಿದೆ" ಅಂದ್ರೆ ನಂಬ್ತೀರಾ?

ಹೊಳಲ್ಕೆರೆ ಕಡೆ ನಮ್ಮ ಮಾವ ನಂಬಿದ್ರು. ಬ್ರೋಷರ್‌ನಲ್ಲಿ "ಮೊದಲು", "ಆಮೇಲೆ" ಅಂತ ಎರಡು ಗ್ರಾಫ್ ಇತ್ತು, ಅಷ್ಟೇ. ಮುಂದಿನ ಬೇಸಿಗೆಗೆ ಮಷೀನು ಮೂಲೆ ಸೇರ್ತು. ಸಾಲದ ಕಂತು ಮಾತ್ರ ಇನ್ನೂ ನಡೀತಿದೆ.

2/4
ಇದರ ಹಿಂದೆ ಒಂದು ಇತಿಹಾಸ ಇದೆ. ಅಮೆರಿಕದ ಜೆರಾಕ್ಸ್ ಪಾರ್ಕ್ ಲ್ಯಾಬಿನ ಮಾರ್ಕ್ ವೈಸರ್ 1988ರ ಸುಮಾರಿಗೆ 'ಯುಬಿಕ್ವಿಟಸ್ ಕಂಪ್ಯೂಟಿಂಗ್' ಅನ್ನೋ ಹೆಸರು ಕೊಟ್ರು. 1991ರಲ್ಲಿ ಸೈಂಟಿಫಿಕ್ ಅಮೆರಿಕನ್‌ನಲ್ಲಿ ಅದರ ಬಗ್ಗೆ ಬರೆದ್ರು. ಕಂಪ್ಯೂಟರ್ ಮೇಜು ಬಿಟ್ಟು ಗೋಡೆ, ಜೇಬು, ಸುತ್ತಮುತ್ತ ಎಲ್ಲ ಕಡೆ ಸೇರ್ಕೊಂಡು ಕಣ್ಣಿಗೆ ಬೀಳದಂಗೆ ಕೆಲಸ ಮಾಡಬೇಕು ಅನ್ನೋದು ಅವರ ಕನಸು. ಆದ್ರೆ ಎಲ್ಲ ಕಡೆ ಇರೋ ಕಂಪ್ಯೂಟರನ್ನ ಬರೀ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿದ್ರೆ ಸಾಲುತ್ತಾ? ಬಯಲುಸೀಮೆ ಬಿಸಿಲು, ಧೂಳು, ಕರೆಂಟ್ ಕಟ್ ಲ್ಯಾಬ್ ಒಳಗೆ ಬರಲ್ಲ.

3/4
ಹೊಲದಲ್ಲೇ ಮಾಡಿದ ಉದಾಹರಣೆ ದೂರ ಇಲ್ಲ. 2000ರ ದಶಕದಲ್ಲಿ ಬೆಂಗಳೂರಿನ ಐಐಎಸ್‌ಸಿ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಸೇರಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ 'ಕಾಮನ್‌ಸೆನ್ಸ್ ನೆಟ್' ಅನ್ನೋ ವೈರ್‌ಲೆಸ್ ಸೆನ್ಸರ್ ಯೋಜನೆ ಮಾಡಿದ್ರು. ಮಣ್ಣಿನ ತೇವ ಮತ್ತು ವಾತಾವರಣ ಅಳೆಯೋದು ಅದರ ಕೆಲಸ. ನನಗೆ ಇಷ್ಟವಾಗಿದ್ದು ಏನಂದ್ರೆ, ಅವರು ಮೊದಲು ಸರ್ವೆ ಮಾಡಿದ್ರು: ಇಲ್ಲಿನ ಜನಕ್ಕೆ ಯಾವ ಮಾಹಿತಿ ಬೇಕು? ಬಂದ ಉತ್ತರಗಳು ನಮ್ಮನೆ ಜಗಲಿ ಮಾತಿನಂಗೇ ಇವೆ: ಯಾವ ತಳಿ, ಯಾವಾಗ ಬಿತ್ತನೆ, ರೋಗ ಹೇಗೆ ತಡೆಯೋದು, ಇರೋ ನೀರು ಹೇಗೆ ಬಳಸೋದು.

ಆದ್ರೆ ಒಂದು ಮಾತು. ಸೆನ್ಸರ್ ಸರಿಯಾಗಿ ಅಳೀತು ಅನ್ನೋದು ಬೇರೆ, ರೈತನಿಗೆ ಲಾಭ ಆಯ್ತು ಅನ್ನೋದು ಬೇರೆ. ಮೊದಲನೆಯದಕ್ಕೆ ಕೆಲವು ವಾರ ಸಾಕಾಗಬಹುದು. ಎರಡನೆಯದಕ್ಕೆ ಮಳೆ ಬಂದ ವರ್ಷ, ಬಾರದ ವರ್ಷ ಎರಡೂ ಬೇಕು. ಪಕ್ಕದಲ್ಲೇ ಸೆನ್ಸರ್ ಇಲ್ಲದ ಹೊಲವೂ ಬೇಕು.

4/4
ನಾವು ಬಿಕಾಂನವರು. ವೋಚರ್ ಇಲ್ಲದೆ ಎಂಟ್ರಿ ಪಾಸ್ ಮಾಡಲ್ಲ ಅಲ್ವಾ? ಹಾಗೇ ಇಲ್ಲೂ ಕೇಳಿ:
• ಯಾವುದಕ್ಕೆ ಹೋಲಿಸಿದ್ರು?
• ಎಷ್ಟು ಹಂಗಾಮು ನೋಡಿದ್ರು?
• ಮಧ್ಯದಲ್ಲಿ ಬಿಟ್ಟವರನ್ನೂ ಲೆಕ್ಕಕ್ಕೆ ಹಿಡಿದ್ರಾ?
• ಇಂಜಿನಿಯರ್ ವಾಪಸ್ ಹೋದ ಮೇಲೂ ಓಡ್ತಾ?
• ವರದಿ ಬರೆದಿದ್ದು ಮಾರೋರೇನಾ?

ಮಾವನ ಪರವಾಗಿ ಅವತ್ತು ಈ ಐದು ಪ್ರಶ್ನೆ ಕೇಳೋಕೆ ನನಗೆ ಗೊತ್ತಿರಲಿಲ್ಲ. ಹೊಸದುರ್ಗದಲ್ಲೋ ದುರ್ಗದಲ್ಲೋ ನಿಮ್ಮ ಮನೆಗೂ ಒಂದು ಬ್ರೋಷರ್ ಬಂದೇ ಬರುತ್ತೆ. ಸಹಿ ಹಾಕೋಕೆ ಮುಂಚೆ ಅಪ್ಪನಿಗೆ ಇದನ್ನ ಓದಿ ಹೇಳಿ.

#ನಮ್ಮದುರ್ಗ #ಹಿರಿಯೂರು #ಹೊಳಲ್ಕೆರೆ #ಹೊಸದುರ್ಗ #ಕನ್ನಡದಲ್ಲಿಇತಿಹಾಸ