ಅರೆಯುವ ಮೊದಲಿನ ಹೆಸರು: ಕ್ಯಾಸನೂರು ಉಣುಗಿನ ಗುರುತಿನ ಚರಿತ್ರೆಗೊಂದು ತಿದ್ದುಪಡಿ

ಮಂಗನ ಕಾಯಿಲೆಯ ಚರಿತ್ರೆ ಬರೆದವರು ಒಂದು ಮಾತನ್ನು ಒಬ್ಬರಿಂದೊಬ್ಬರು ಎತ್ತಿಕೊಳ್ಳುತ್ತ ಬಂದಿದ್ದಾರೆ: 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಹೆಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ರೋಗ ಹರಡುತ್ತಿದೆಯೆಂದು ಆಗಲೇ ಪತ್ತೆಯಾಯಿತು. ಸ್ಪಿನಿಜೆರಾವೇ ಮುಖ್ಯ ವಾಹಕ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದು ಆಗಲೇ ಪತ್ತೆಯಾಯಿತು ಎಂಬುದನ್ನು ಮಾತ್ರ ಒಪ್ಪಲಾರೆ.

ಆಧಾರವಾಗಿ ಎಲ್ಲರೂ ಹೆಸರಿಸುವುದು ಟ್ರಾಪಿಡೊ, ರಾಜಗೋಪಾಲನ್, ವರ್ಕ್ ಮತ್ತು ವರ್ಮ 1959ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟಿಸಿದ ಲೇಖನವನ್ನು. ಅದರ ಶೀರ್ಷಿಕೆಯನ್ನಾದರೂ ನಿಧಾನವಾಗಿ ಓದಬೇಕಿತ್ತು. ವೈರಸ್ ಸಿಕ್ಕಿದ್ದು ಹೆಮಾಫೈಸಾಲಿಸ್ ಕುಲದ ಉಣುಗುಗಳಲ್ಲಿ ಎಂದಷ್ಟೇ ಅಲ್ಲಿದೆ, ಪ್ರಭೇದದ ಹೆಸರಿಲ್ಲ. ಇದನ್ನು ಶೀರ್ಷಿಕೆ ಚಿಕ್ಕದಾಗಿರಲೆಂದು ಮಾಡಿದ್ದೆಂದು ತಳ್ಳಿಹಾಕುವವರಿದ್ದಾರೆ. ಉಣುಗನ್ನು ಒಮ್ಮೆಯಾದರೂ ಭೂತಗನ್ನಡಿಯ ಕೆಳಗೆ ಇಟ್ಟು ನೋಡಿದವರು ಹಾಗೆ ಹೇಳಲಾರರು.

ಉಣುಗಿನ ಮರಿಗೆ ಮೊದಲು ಆರು ಕಾಲು. ಒಂದು ಹೊಟ್ಟೆ ರಕ್ತ ಕುಡಿದು ಪೊರೆ ಬಿಟ್ಟ ಮೇಲೆ ಎಂಟು ಕಾಲಿನ ನಿಂಫ್ ಆಗುತ್ತದೆ. ಇನ್ನೊಮ್ಮೆ ಕುಡಿದು ಪೊರೆ ಬಿಟ್ಟರೆ ಪ್ರೌಢ ಉಣುಗು. ಪ್ರೌಢ ಗಂಡಿಗೆ ಬೆನ್ನು ಪೂರ್ತಿ ಗಟ್ಟಿ ಫಲಕ, ಹೆಣ್ಣಿಗೆ ಮುಂಭಾಗದಲ್ಲಿ ಮಾತ್ರ. ಇಂಥ ಲಕ್ಷಣಗಳಿಂದ ದೊಡ್ಡವನ್ನು ಹೆಸರಿಸುವುದು ಮೊದಲಿಂದಲೂ ಸಾಧ್ಯವಿತ್ತು. ನ್ಯೂಮನ್ ಸ್ಪಿನಿಜೆರಾಕ್ಕೆ ಹೆಸರಿಟ್ಟದ್ದೇ 1897ರಲ್ಲಿ. ಇಂಡಿಯನ್ ಮ್ಯೂಸಿಯಂನ ಸಂಗ್ರಹವನ್ನು ಹಿಡಿದು ಶರೀಫ್ ಭಾರತದ ಉಣುಗುಗಳನ್ನು ಪರಿಷ್ಕರಿಸಿದ್ದು 1928ರಲ್ಲಿ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಸೊಪ್ಪಿನ ಬೆಟ್ಟಗಳಲ್ಲಿ ದರಗು ಗುಡಿಸುವವರ ಕಾಲಿಗೆ ಹತ್ತುವುದು ದೊಡ್ಡದಲ್ಲ, ನಿಂಫ್. ಪ್ರೌಢ ಸ್ಪಿನಿಜೆರಾ ಮಳೆಗಾಲದಲ್ಲಿ ದನದ ಮೈಗೆ ಹೋಗುತ್ತದೆ. ನಿಂಫ್‌ಗಳ ಕಾಲ ಮಳೆ ಮುಗಿದ ಮೇಲಿನಿಂದ ಬೇಸಿಗೆಯವರೆಗೆ, ಅಂದರೆ ಜನರಿಗೆ ಜ್ವರ ಬರುವ ಕಾಲ. (ಕೊಟ್ಟಿಗೆಯ ದನದ ಮೇಲಿರುವ ಉಣುಗನ್ನೆಲ್ಲ ಮಂಗನ ಕಾಯಿಲೆಯ ಉಣುಗೆಂದು ಚಿತ್ರ ಹಾಕಿ ತೋರಿಸುವುದು ಇನ್ನೂ ನಿಂತಿಲ್ಲ. ಮರಿಯಿಂದ ಪ್ರೌಢಾವಸ್ಥೆಯವರೆಗೆ ಒಂದೇ ದನದ ಮೇಲೆ ಕಾಲ ಕಳೆಯುವ ಬೂಫಿಲಸ್ ಬೇರೆ. ಮೂರು ಹಂತಕ್ಕೆ ಮೂರು ಆಸರೆ ಹುಡುಕುವ ಹೆಮಾಫೈಸಾಲಿಸ್ ಬೇರೆ.)

ಈ ನಿಂಫ್‌ಗಳನ್ನು ಪ್ರಭೇದವಾರು ಬೇರ್ಪಡಿಸುವ ಕೈಪಿಡಿ ಪ್ರಕಟವಾದದ್ದು 1964ರಲ್ಲಿ. ಟ್ರಾಪಿಡೊ, ವರ್ಮ, ರಾಜಗೋಪಾಲನ್, ಸಿಂಗ್, ರೆಬೆಲ್ಲೊ ಸೇರಿ ಬುಲೆಟಿನ್ ಆಫ್ ಎಂಟಮಾಲಜಿಕಲ್ ರಿಸರ್ಚ್‌ನಲ್ಲಿ ದಕ್ಷಿಣ ಭಾರತದ ಹೆಮಾಫೈಸಾಲಿಸ್‌ಗಳನ್ನು ಎಲ್ಲ ಹಂತಗಳಲ್ಲೂ ಗುರುತಿಸುವ ಬಗೆಯನ್ನು ಕೊಟ್ಟರು. ಈ ರೋಗದ ಚರಿತ್ರೆಯಲ್ಲಿ ಇಷ್ಟು ಬೆಲೆಯುಳ್ಳ, ಇಷ್ಟು ಕಡಿಮೆ ಓದಿಸಿಕೊಂಡ ಬರಹ ಇನ್ನೊಂದಿಲ್ಲವೆಂದು ನನ್ನ ತಿಳಿವಳಿಕೆ. ರಷ್ಯಾದಿಂದ ವಲಸೆ ಹಕ್ಕಿಗಳು ವೈರಸ್ ತಂದವೆಂಬ ಊಹೆಗೆ ಪುಟಗಟ್ಟಲೆ ಮೀಸಲಿಡುವವರು ಇದಕ್ಕೆ ಒಂದು ಸಾಲನ್ನೂ ಕೊಡುವುದಿಲ್ಲ.

ಆಕ್ಷೇಪವೊಂದುಂಟು. ವರ್ಮ, ವೆಬ್, ಪಾವ್ರಿ 1960ರಲ್ಲೇ ಸ್ಪಿನಿಜೆರಾ ಎಂದು ಹೆಸರು ಹಿಡಿದು ವೈರಸ್ ಪ್ರಸಾರದ ಪ್ರಯೋಗಗಳನ್ನು ವರದಿ ಮಾಡಿದರಲ್ಲ? ಮಾಡಿದರು. ಆದರೆ ಪ್ರಯೋಗಾಲಯದಲ್ಲಿ ಸಾಕಿದ ಮರಿಗೆ ತಾಯಿಯ ಹೆಸರು ತಾನಾಗಿ ಬರುತ್ತದೆ: ಹೆಸರು ಗೊತ್ತಿರುವ ಹೆಣ್ಣು ಇಟ್ಟ ಮೊಟ್ಟೆಯಿಂದ ಬಂದದ್ದು ಬೇರೆಯಾಗಲಾರದು. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಹಿಡಿದ ನಿಂಫ್‌ಗೆ ಅಂಥ ವಂಶಾವಳಿಯಿಲ್ಲ. ಪ್ರಯೋಗಾಲಯದ ಆ ವರದಿ ಸ್ಪಿನಿಜೆರಾ ರೋಗ ಹರಡಬಲ್ಲದೆಂದು ಹೇಳೀತು. 1957ರಿಂದ 59ರ ನಡುವೆ ಕಾಡಿನಲ್ಲಿ ಹಿಡಿದ ಯಾವ ಮರಿಯಲ್ಲಿ ವೈರಸ್ ಇತ್ತೆಂದು ಹೇಳಲಾರದು.

ಅದನ್ನು ಈಗ ತಿಳಿಯಲೂ ಬರುವುದಿಲ್ಲ. ವೈರಸ್ ಹುಡುಕಲು ಉಣುಗುಗಳನ್ನು ಗುಂಪುಗುಂಪಾಗಿ ಅರೆದು ಇಲಿಮರಿಗಳಿಗೆ ಚುಚ್ಚುತ್ತಿದ್ದರು. ಅರೆದ ಉಣುಗು ಮತ್ತೆ ಸೂಕ್ಷ್ಮದರ್ಶಕದ ಕೆಳಗೆ ಬರುವುದಿಲ್ಲ. ಅರೆಯುವ ಮೊದಲು ಇಟ್ಟ ಹೆಸರೇ ಕೊನೆಯ ಹೆಸರು. ಆದ್ದರಿಂದಲೇ ಕುಲದ ಹೆಸರಿಗೆ ನಿಂತ 1959ರ ಶೀರ್ಷಿಕೆ ನನಗೆ ದೊಡ್ಡ ಪ್ರಾಮಾಣಿಕತೆಯಾಗಿ ಕಾಣುತ್ತದೆ, ಮತ್ತು ಆ ಖಾಲಿ ಜಾಗವನ್ನು ಆಮೇಲಿನವರು ತಾವೇ ತುಂಬಿದ್ದು ಆ ನಾಲ್ವರಿಗೆ ಮಾಡಿದ ಅನ್ಯಾಯವಾಗಿ. (ಅಮೆರಿಕನ್ ಹೆಸರುಗಳ ನಡುವೆ ರಾಜಗೋಪಾಲನ್ ಹಿಂದೆ ಸರಿಯುವುದನ್ನೂ ನೋಡುತ್ತೇನೆ. ಮುಂದೆ ಪಾಂಡಿಚೇರಿಯ ವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವನ್ನು ನಡೆಸಿದ ಅವರ ಹೆಸರು ನಾನು ಮೇಲೆ ಹೇಳಿದ 1959 ಮತ್ತು 1964ರ ಬರಹಗಳೆರಡರಲ್ಲೂ ಇದೆ.)

ಇದು ಬರಿಯ ತಾರೀಖಿನ ಜಗಳವಲ್ಲ. ಸ್ಪಿನಿಜೆರಾದ ಜೊತೆಗೆ ಟರ್ಟುರಿಸ್ ಕೂಡ ಈ ರೋಗದ ವಾಹಕವೆಂದು ಮುಂದೆ ಒಪ್ಪಿತವಾಯಿತು. ಇದೇ ಕುಲದ ಇನ್ನೂ ಹಲವು ಪ್ರಭೇದಗಳಲ್ಲಿ ವೈರಸ್ ಸಿಕ್ಕಿತು. ಅವುಗಳಲ್ಲಿ ಒಂದು ಹೆಮಾಫೈಸಾಲಿಸ್ ಕ್ಯಾಸನೂರೆನ್ಸಿಸ್. ಅದನ್ನು ಹೊಸ ಪ್ರಭೇದವೆಂದು ಟ್ರಾಪಿಡೊ, ಹೂಗ್‌ಸ್ಟ್ರಾಲ್ ಮತ್ತು ರಾಜಗೋಪಾಲನ್ ವರ್ಣಿಸಿದ್ದು 1964ರಲ್ಲಿ. 1957ರಲ್ಲಿ ಕ್ಯಾಸನೂರಿನ ನೆಲದ ಮೇಲೆ ಬಟ್ಟೆ ಎಳೆದಾಗ ಅದರ ಮರಿ ಹತ್ತಿದ್ದರೂ ಅದಕ್ಕೆ ಸರಿಯಾದ ಹೆಸರು ಬರೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಆಗಿನ ಗುಂಪುಗಳನ್ನೆಲ್ಲ ಸ್ಪಿನಿಜೆರಾದ ಲೆಕ್ಕಕ್ಕೆ ಬರೆದವರು ಈ ಒಂದು ಪ್ರಭೇದಕ್ಕಾದರೂ ಉತ್ತರ ಹೇಳಬೇಕು.